ಬಾಯಿ ಬಿಟ್ಟು ಹೇಳುವುದೂ ಒಂದು ವಿದ್ಯೆ

"ಅವಳಿಗೆ ಮಾತು ಹುಟ್ಟಿನಿಂದಲೇ ಬಂದಿದೆ, ನನಗೆ ಹಾಗೆಲ್ಲ ಬರುವುದಿಲ್ಲ" ಎಂದು ನೀವು ಎಷ್ಟೋ ಸಲ ಹೇಳಿರಬಹುದು. ಮನೆಯಲ್ಲಿ ಅಕ್ಕ-ತಂಗಿಯರೊಡನೆ ಗಂಟೆಗಟ್ಟಲೆ ಹರಟುವ ಹುಡುಗಿ ಕಚೇರಿಯ ಮೀಟಿಂಗ್‌ನಲ್ಲಿ ಮೂಲೆಯ ಕುರ್ಚಿ ಹುಡುಕುತ್ತಾಳೆ. ನಲವತ್ತು ಮಕ್ಕಳ ತರಗತಿಯನ್ನು ಒಂದೇ ಮಾತಿನಲ್ಲಿ ಹಿಡಿದಿಡುವ ಶಿಕ್ಷಕಿ ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲಲ್ಲಿ ನಿಂತು ತಡವರಿಸುತ್ತಾಳೆ. ರಜೆ ಕೇಳಲು, ಸಂಬಳದ ಲೆಕ್ಕ ತಪ್ಪಾಗಿದೆ ಎನ್ನಲು, "ಈ ಕೆಲಸ ಹೀಗೆ ಮಾಡಿದರೆ ಅಪಾಯವಿದೆ" ಎಂದು ಎಚ್ಚರಿಸಲು ನಾಲಿಗೆಯೇ ಏಳುವುದಿಲ್ಲ.

ನಾವಿದನ್ನು ಸ್ವಭಾವ ಎಂದು ಬಿಟ್ಟುಬಿಡುತ್ತೇವೆ. ಆದರೆ ಒಂದು ಮಾತು ತಪ್ಪಿದರೆ ಹತ್ತಾರು, ನೂರಾರು ಜೀವಗಳು ಹೋಗುವ ಉದ್ಯೋಗಗಳಿವೆ. ಅಲ್ಲಿ ಸ್ವಭಾವ ಎಂದು ಕೈಬಿಡುವಂತಿಲ್ಲ. ವಿಮಾನ ಹಾರಿಸುವವರು ಮತ್ತು ಆಸ್ಪತ್ರೆಯಲ್ಲಿ ದುಡಿಯುವವರು ಬಹಳ ನೋವು ಉಂಡ ಬಳಿಕ ಒಂದು ಸತ್ಯವನ್ನು ಕಂಡುಕೊಂಡರು. ಕೆಲಸದ ಜಾಗದಲ್ಲಿ ಸ್ಪಷ್ಟವಾಗಿ ಮಾತನಾಡುವುದು ಹೊಲಿಗೆಯಂತೆ, ಅಡುಗೆಯಂತೆ ಕಲಿಸಿದರೆ ಬರುವ ವಿದ್ಯೆ. ಅವರು ಕಲಿತ ಪಾಠ ನಿಮ್ಮ ಶಾಲೆಗೂ ಬ್ಯಾಂಕಿಗೂ ಕ್ಲಿನಿಕ್ಕಿಗೂ ಉಪಯೋಗಕ್ಕೆ ಬರುವಂಥದ್ದು.

ಸುಳಿವು ಕೊಟ್ಟರೆ ಸಾಲದು

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಇಳಿಯಬೇಕಿದ್ದ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದರ ಚಕ್ರಗಳು ಸರಿಯಾಗಿ ಹೊರಬಂದಿವೆಯೋ ಇಲ್ಲವೋ ಎಂಬ ಸಂಶಯ ಹುಟ್ಟಿತು. ಕ್ಯಾಪ್ಟನ್ ಸುಮಾರು ಒಂದು ಗಂಟೆ ಕಾಲ ವಿಮಾನವನ್ನು ಆಕಾಶದಲ್ಲೇ ಸುತ್ತಿಸಿದರು. ಅವರ ಗಮನವೆಲ್ಲ ಚಕ್ರದ ಮೇಲೆ. ಇತ್ತ ಇಂಧನ ಕರಗುತ್ತಿತ್ತು. ಅದು ಸಹಪೈಲಟ್‌ಗೂ ಫ್ಲೈಟ್ ಇಂಜಿನಿಯರ್‌ಗೂ ತಿಳಿದಿತ್ತು. ಅವರು ಸುಮ್ಮನಿರಲಿಲ್ಲ, ಇಂಧನದ ಮಾತೆತ್ತಿದರು. ಆದರೆ ಅವೆಲ್ಲ ಸುಳಿವುಗಳು. "ಈಗಲೇ ಇಳಿಯದಿದ್ದರೆ ವಿಮಾನ ಬೀಳುತ್ತದೆ" ಎಂದು ಹೊತ್ತಿಗೆ ಸರಿಯಾಗಿ ಯಾರೂ ಖಂಡಿತವಾಗಿ ಹೇಳಲಿಲ್ಲ. ಇಂಧನ ಮುಗಿದು ಇಂಜಿನ್‌ಗಳು ನಿಂತವು. ವಿಮಾನ ನಗರದ ಹೊರವಲಯದಲ್ಲಿ ಬಿತ್ತು. ಅದರಲ್ಲಿದ್ದ 189 ಮಂದಿಯಲ್ಲಿ 10 ಮಂದಿ ಪ್ರಾಣ ಕಳೆದುಕೊಂಡರು.

ತನಿಖೆ ನಡೆಸಿದ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎರಡು ಕಡೆಗೂ ಪಾಠ ಹೇಳಿತು. ಕ್ಯಾಪ್ಟನ್‌ಗಳು ಜತೆಗಾರರ ಮಾತು ಪಡೆದು ಕೆಲಸ ಮಾಡುವುದನ್ನು ಕಲಿಯಬೇಕು. ಕೈಕೆಳಗಿನವರು ತಮಗೆ ತಿಳಿದದ್ದನ್ನು ಖಚಿತವಾಗಿ ಹೇಳುವುದನ್ನು ಕಲಿಯಬೇಕು. 1979ರಲ್ಲಿ ನಾಸಾ ಸಂಸ್ಥೆ ಈ ಬಗ್ಗೆ ವಿಮಾನಯಾನ ತಜ್ಞರ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ತರಬೇತಿ ಆರಂಭಿಸಿತು. ಇಂದು 'ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್' ಎಂಬ ಹೆಸರಿನ ಈ ತರಬೇತಿ ಜಗತ್ತಿನಾದ್ಯಂತ ವಿಮಾನ ಸಿಬ್ಬಂದಿಗೆ ಕಡ್ಡಾಯದಂತೆಯೇ ಆಗಿದೆ.

ಅದರಿಂದ ಪ್ರಯೋಜನವಾಯಿತೇ? 1989ರ ಜುಲೈ 19ರಂದು ಅದೇ ಕಂಪೆನಿಯ ಇನ್ನೊಂದು ವಿಮಾನದ ಹಿಂಬದಿಯ ಇಂಜಿನ್ ಒಡೆದು ವಿಮಾನವನ್ನು ತಿರುಗಿಸುವ ವ್ಯವಸ್ಥೆಯೇ ನಾಶವಾಯಿತು. ಕ್ಯಾಪ್ಟನ್ ಅಲ್ ಹೇಯ್ನ್ಸ್ ಎಲ್ಲರ ಸಲಹೆ ಕೇಳಿದರು. ಪ್ರಯಾಣಿಕನಾಗಿ ಬಂದಿದ್ದ ತರಬೇತುದಾರ ಪೈಲಟ್ ಒಬ್ಬರನ್ನೂ ಕಾಕ್‌ಪಿಟ್‌ಗೆ ಸೇರಿಸಿಕೊಂಡರು. ಸೂ ಸಿಟಿಯಲ್ಲಿ ವಿಮಾನ ನೆಲಕ್ಕೆ ಅಪ್ಪಳಿಸಿ 112 ಮಂದಿ ಸತ್ತರೂ 184 ಮಂದಿ ಬದುಕಿದರು. ಈ ಮಾತಿನ ತರಬೇತಿ ಇಲ್ಲದಿದ್ದರೆ ಅಷ್ಟೂ ಸಾಧ್ಯವಾಗುತ್ತಿರಲಿಲ್ಲ ಎಂದು ಹೇಯ್ನ್ಸ್ ಮುಂದೆ ಹಲವು ವೇದಿಕೆಗಳಲ್ಲಿ ಹೇಳುತ್ತಿದ್ದರು.

ಸುಳಿವು ಕೊಡುವ ಅಭ್ಯಾಸ ನಮಗೂ ಹೊಸದಲ್ಲ. "ಅಕ್ಕಿ ಡಬ್ಬ ಹಗುರಾಯಿತು" ಎಂದು ಸೊಸೆ ಹೇಳಿದರೆ ಅತ್ತೆಗೆ ಅರ್ಥವಾಗುತ್ತದೆ, ಸಂಜೆಯೊಳಗೆ ಅಕ್ಕಿ ಬರುತ್ತದೆ. ಮನೆಯಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತು, ಹಾಗಾಗಿ ಸುಳಿವೂ ಕೆಲಸ ಮಾಡುತ್ತದೆ. ಆದರೆ ಕಚೇರಿಯಲ್ಲಿ ಮೇಲಧಿಕಾರಿಯ ತಲೆಯಲ್ಲಿ ಹತ್ತು ಕೆಲಸಗಳಿರುತ್ತವೆ. "ಕೆಲಸ ಸ್ವಲ್ಪ ಜಾಸ್ತಿಯಾಗಿದೆ ಸರ್" ಎಂದು ನೀವು ಹೇಳಿದರೆ ಅವರಿಗೆ ಅದು ಬರಿಯ ಮಾತಾಗಿ ಕೇಳಿಸುತ್ತದೆ. "ಸರ್, ಈ ವಾರ ಮೂರು ಫೈಲ್ ಬಂದಿವೆ. ಎರಡನ್ನು ಮಾತ್ರ ಮುಗಿಸಬಲ್ಲೆ. ಮೊದಲು ಯಾವುದು ಆಗಬೇಕು?" ಎಂದು ಕೇಳಿ. ಇದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಇಂಗ್ಲಿಷ್ ಚೆನ್ನಾಗಿದ್ದರೆ ಸಾಕೇ?

ನಮ್ಮ ಹೆಣ್ಣುಮಕ್ಕಳ ಬಾಯಿ ಕಟ್ಟಿಹಾಕುವ ಇನ್ನೊಂದು ಹೆದರಿಕೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿಯೋ ಉರ್ದುವೋ, ಶಾಲೆಯಲ್ಲಿ ಕನ್ನಡ, ಉದ್ಯೋಗಕ್ಕೆ ಸೇರಿದ ಮೇಲೆ ಇಂಗ್ಲಿಷ್. "ನನ್ನ ಉಚ್ಚಾರಣೆ ಕೇಳಿ ನಗುತ್ತಾರೇನೋ" ಎಂಬ ಅಳುಕಿನಲ್ಲಿ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ.

1990ರ ಜನವರಿ 25ರ ರಾತ್ರಿ ಕೊಲಂಬಿಯಾ ದೇಶದ ಆವಿಯಾಂಕಾ ಕಂಪೆನಿಯ ವಿಮಾನವೊಂದು ನ್ಯೂಯಾರ್ಕ್ ಬಳಿ ಇಳಿಯಲು ಕಾಯುತ್ತಿತ್ತು. ಹವೆ ಕೆಟ್ಟಿದ್ದರಿಂದ ಒಂದು ಗಂಟೆಗೂ ಹೆಚ್ಚು ಕಾಲ ಅದನ್ನು ಆಕಾಶದಲ್ಲಿ ನಿಲ್ಲಿಸಲಾಗಿತ್ತು. ಇಂಧನ ಮುಗಿಯುತ್ತಿದೆ ಎಂದು ಸಹಪೈಲಟ್ ಇಂಗ್ಲಿಷ್‌ನಲ್ಲೇ ತಿಳಿಸಿದರು, ಆದ್ಯತೆ ಬೇಕೆಂದೂ ಕೇಳಿದರು. ಆದರೆ 'ಎಮರ್ಜೆನ್ಸಿ' ಎಂಬ ಒಂದು ಪದವನ್ನು ಬಳಸಲಿಲ್ಲ. ಆ ಪದ ಬಂದಿದ್ದರೆ ನಿಯಂತ್ರಣ ಕೇಂದ್ರ ಉಳಿದೆಲ್ಲ ವಿಮಾನಗಳನ್ನು ಬದಿಗಿರಿಸಿ ದಾರಿ ಕೊಡಬೇಕಾಗುತ್ತಿತ್ತು. 'ಆದ್ಯತೆ' ಎಂಬ ಪದಕ್ಕೆ ಆ ಶಕ್ತಿ ಇರಲಿಲ್ಲ. ಇಂಧನ ತೀರಿ ವಿಮಾನ ಬಿತ್ತು. 158 ಮಂದಿಯಲ್ಲಿ 73 ಮಂದಿ ಸತ್ತರು.

ಅಲ್ಲಿ ಬೇಕಾಗಿದ್ದದ್ದು ಚೆಂದದ ಇಂಗ್ಲಿಷ್ ಅಲ್ಲ, ಸರಿಯಾದ ಒಂದು ಪದ. 2008ರಿಂದ ಅಂತಾರಾಷ್ಟ್ರೀಯ ವಿಮಾನಯಾನದಲ್ಲಿ ಪೈಲಟ್‌ಗಳ ಭಾಷೆಗೆ ಮಟ್ಟ ಗೊತ್ತುಪಡಿಸಿದ್ದಾರೆ. ಆ ಮಟ್ಟ ಕೂಡ ಮಾತೃಭಾಷೆಯ ಛಾಯೆ ಉಚ್ಚಾರಣೆಯಲ್ಲಿ ಇರಬಾರದು ಎನ್ನುವುದಿಲ್ಲ. ಕೇಳುವವರಿಗೆ ಅರ್ಥವಾಗಬೇಕು, ಅಷ್ಟೆ. ನಿಮ್ಮ ಕೆಲಸದಲ್ಲೂ ಅಂಥ ಹತ್ತಿಪ್ಪತ್ತು ಪದಗಳಿರುತ್ತವೆ. ಅವುಗಳನ್ನು ಪಟ್ಟಿ ಮಾಡಿ ಸರಿಯಾಗಿ ಕಲಿಯಿರಿ. "ಆದಷ್ಟು ಬೇಗ ಕೊಡುತ್ತೇನೆ" ಎನ್ನುವ ಬದಲು "ಗುರುವಾರ ಸಂಜೆ 5 ಗಂಟೆಗೆ ಕೊಡುತ್ತೇನೆ" ಎನ್ನಿ. ಮುರುಕು ಇಂಗ್ಲಿಷ್‌ನಲ್ಲಿ ಹೇಳಿದರೂ ದಿನ ಮತ್ತು ಗಂಟೆ ತಪ್ಪಾಗಿ ಕೇಳಿಸುವುದಿಲ್ಲ.

ನಾಲ್ಕು ಮಾತಿನ ಚೌಕಟ್ಟು

ವಿಮಾನದವರ ಪಾಠ ಆಸ್ಪತ್ರೆಗಳನ್ನೂ ತಲುಪಿತು. ಆಸ್ಪತ್ರೆಯಲ್ಲಿ ಕಷ್ಟ ಇನ್ನೂ ಹೆಚ್ಚು. ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಇರುವವರು ನರ್ಸ್. ತೀರ್ಮಾನ ತೆಗೆದುಕೊಳ್ಳುವವರು ಮನೆಯಲ್ಲಿ ಮಲಗಿರುವ ಡಾಕ್ಟರ್. ಇಬ್ಬರ ನಡುವೆ ಇರುವುದು ಒಂದು ಫೋನ್.

"ಸರ್, ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. 12ನೇ ಬೆಡ್‌ನ ಪೇಷಂಟ್ ಯಾಕೋ ಸರಿ ಕಾಣ್ತಾ ಇಲ್ಲ. ಬಿ.ಪಿ. ಸ್ವಲ್ಪ ಕಮ್ಮಿ ಇದೆ" ಎಂದು ನರ್ಸ್ ಹೇಳಿದರೆ "ಬೆಳಿಗ್ಗೆ ಬಂದು ನೋಡುತ್ತೇನೆ" ಎಂಬ ಉತ್ತರ ಬರುವುದು ಸಹಜ. ಈ ಅಂತರ ತುಂಬಲು ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಒಂದು ಪದ್ಧತಿಯನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ಆಸ್ಪತ್ರೆಗೆ ಒಗ್ಗಿಸಿತು. ಅದನ್ನು 'ಎಸ್‌ಬಾರ್' ಎನ್ನುತ್ತಾರೆ. ನಾಲ್ಕು ಮಾತು: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಅದೇ ನರ್ಸ್ ಈ ಚೌಕಟ್ಟಿನಲ್ಲಿ ಹೇಗೆ ಹೇಳುತ್ತಾರೆ ನೋಡಿ:

"ಸರ್, ನಾನು ಮಹಿಳಾ ವಾರ್ಡಿನ ಸಿಸ್ಟರ್. 12ನೇ ಬೆಡ್‌ನವರ ಬಿ.ಪಿ. 88/56ಕ್ಕೆ ಇಳಿದಿದೆ, ನಾಡಿ 128. ಇವರಿಗೆ ಮಧ್ಯಾಹ್ನ ಗರ್ಭಕೋಶದ ಆಪರೇಷನ್ ಆಗಿದೆ, ಸಂಜೆ ಬಿ.ಪಿ. 126/80 ಇತ್ತು. ಒಳಗೆ ರಕ್ತಸ್ರಾವ ಆಗುತ್ತಿರಬಹುದೆಂದು ನನ್ನ ಅಂದಾಜು. ನೀವು ಈಗಲೇ ಬಂದು ನೋಡಬೇಕು. ಅಷ್ಟರೊಳಗೆ ಏನೇನು ಶುರು ಮಾಡಲಿ, ಹೇಳಿ."

ಹೇಳಲು ಅರ್ಧ ನಿಮಿಷ ಸಾಕು. ಕ್ಷಮೆ ಇಲ್ಲ, ಸಿಟ್ಟೂ ಇಲ್ಲ. ಮೂರನೆಯ ಮಾತನ್ನು ಗಮನಿಸಿ. "ನನ್ನ ಅಂದಾಜು" ಎಂದು ಹೇಳಲು ಹೆಚ್ಚಿನವರು ಹೆದರುತ್ತಾರೆ. "ಅದನ್ನು ಹೇಳಲು ನಾನ್ಯಾರು?" ಎಂಬ ಭಾವನೆ. ಆದರೆ ರೋಗಿಯನ್ನು ಕಣ್ಣಾರೆ ಕಂಡವರು ನೀವು. ಅಂದಾಜು ತಪ್ಪಾದರೆ ಡಾಕ್ಟರ್ ತಿದ್ದುತ್ತಾರೆ. ನೀವು ಹೇಳದೇ ಉಳಿದರೆ ತಿದ್ದುವುದಕ್ಕೂ ಏನೂ ಇರುವುದಿಲ್ಲ.

ಶಾಲೆಗೂ ಇದೇ ಚೌಕಟ್ಟು ಹೊಂದುತ್ತದೆ. "ಮೇಡಂ, 7ನೇ ತರಗತಿಯ ಛಾವಣಿಯಿಂದ ಗಾರೆ ಉದುರುತ್ತಿದೆ. ಸೋಮವಾರದಿಂದ ಶುರುವಾಗಿದೆ, ಇಂದು ಊಟದ ಹೊತ್ತಿನಲ್ಲಿ ಎರಡನೆಯ ಬೆಂಚಿನ ಮೇಲೆ ಒಂದು ತುಂಡು ಬಿತ್ತು. ಮಕ್ಕಳು ಅಲ್ಲಿ ಕೂರುವುದು ಅಪಾಯ ಎಂದು ನನಗೆ ಕಾಣುತ್ತದೆ. ನಾಳೆಯಿಂದ ತರಗತಿಯನ್ನು ಲೈಬ್ರರಿಯಲ್ಲಿ ನಡೆಸಲು ಅನುಮತಿ ಕೊಡಿ." ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಬಹುದು. ಬರೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಸಾವಿರಾರು ಗಂಟೆ ಹಾರಿದ ಪೈಲಟ್ ಕೂಡ ಪ್ರತಿ ಸಲ ಪಟ್ಟಿ ಓದಿಯೇ ವಿಮಾನ ಎಬ್ಬಿಸುತ್ತಾನೆ.

ಕೇಳಿಸಿಕೊಂಡದ್ದನ್ನು ಮರಳಿ ಹೇಳಿ

ಹೇಳಿದ ಮಾತು ಹಾಗೆಯೇ ತಲುಪಿದೆ ಎಂದು ನಂಬಿ ಸುಮ್ಮನಾಗುವುದು ಇನ್ನೊಂದು ತಪ್ಪು. ಪೈಲಟ್‌ಗಳು ನಿಯಂತ್ರಣ ಕೇಂದ್ರದ ಸೂಚನೆಯನ್ನು ಮರಳಿ ಉಚ್ಚರಿಸುತ್ತಾರೆ. ಡಾಕ್ಟರ್ ಫೋನಿನಲ್ಲಿ ಔಷಧ ಹೇಳಿದರೆ ನರ್ಸ್ ಬರೆದುಕೊಂಡು ಓದಿ ಹೇಳಬೇಕು ಎಂಬುದು ಒಳ್ಳೆಯ ಆಸ್ಪತ್ರೆಗಳ ನಿಯಮ. ಫೋನಿನಲ್ಲಿ 'ಫಿಫ್ಟೀನ್', 'ಫಿಫ್ಟಿ' ಎರಡೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ "ಒಂದು, ಐದು, ಹದಿನೈದು" ಎಂದು ಅಂಕಿ ಬಿಡಿಸಿ ಹೇಳುತ್ತಾರೆ. ಮೇಲಧಿಕಾರಿ ಕೆಲಸ ಒಪ್ಪಿಸಿದಾಗ "ಅಂದರೆ ನಾನು ಜೂನ್ ತಿಂಗಳ ಲೆಕ್ಕ ಮಾತ್ರ, ಬುಧವಾರದೊಳಗೆ ಕೊಡಬೇಕು, ಅಲ್ವಾ?" ಎಂದು ನೀವೂ ಮರಳಿ ಹೇಳಿ. ನಿಮ್ಮನ್ನು ಯಾರೂ ದಡ್ಡಿ ಎಂದುಕೊಳ್ಳುವುದಿಲ್ಲ.

ಹೆಸರು ಹೇಳಿಕೊಳ್ಳುವುದಕ್ಕೂ ಬೆಲೆಯಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಒಂದು ಪುಟದ ಪಟ್ಟಿ ತಂದಿತು. ಅದರಲ್ಲಿ ಚರ್ಮ ಕೊಯ್ಯುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕೆಂಬ ಸಾಲೂ ಇದೆ. ಒಮ್ಮೆ ಬಾಯಿ ತೆರೆದವರಿಗೆ ಎರಡನೆಯ ಸಲ ತೆರೆಯುವುದು ಸುಲಭ ಎಂಬುದು ಅದರ ಹಿಂದಿನ ಯೋಚನೆ. ಹೊಸದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಪಟ್ಟಿಯಲ್ಲಿ ಬೇರೆ ಅಂಶಗಳೂ ಇದ್ದವು ನಿಜ, ಆದರೆ ಮಾತು ಅದರ ಮುಖ್ಯ ಭಾಗವಾಗಿತ್ತು. ಹೊಸ ಕೆಲಸಕ್ಕೆ ಸೇರಿದ ಮಗಳಿಗೆ ಇದನ್ನೇ ಹೇಳಿಕೊಡಿ: ಮೊದಲ ಮೀಟಿಂಗ್‌ನ ಮೊದಲ ಐದು ನಿಮಿಷದೊಳಗೆ ಒಂದು ವಾಕ್ಯವಾದರೂ ಮಾತನಾಡು.

ವಿನಯ ಬಿಡಬೇಕೇ?

"ಹೀಗೆಲ್ಲ ಮಾತನಾಡಿದರೆ ಗರ್ವಿ ಎನ್ನುವುದಿಲ್ಲವೇ?" ಎಂದು ನೀವು ಕೇಳಬಹುದು. ಧೈರ್ಯದ ಮಾತಿಗೆ ದೊಡ್ಡ ದನಿ ಬೇಕಾಗಿಲ್ಲ. ಸರ್, ಮೇಡಂ, ದಯವಿಟ್ಟು ಎಂಬ ಮರ್ಯಾದೆ ಇರಲಿ, ದನಿ ಮೆತ್ತಗೇ ಇರಲಿ. ವಿಷಯ ಮಾತ್ರ ಮೆತ್ತಗಾಗಬಾರದು. "ನನಗೇನೋ ಹಾಗನಿಸುತ್ತದೆ, ತಪ್ಪೂ ಇರಬಹುದು, ನೀವು ನೋಡಿ ಬೇಕಾದರೆ" ಎಂಬ ಬಾಲಂಗೋಚಿಗಳನ್ನು ಕತ್ತರಿಸಿ. ಮುಖ್ಯ ಮಾತನ್ನು ಮೊದಲ ವಾಕ್ಯದಲ್ಲೇ ಇಡಿ, ಅಂಕಿ ಹೇಳಿ, ನಿಲ್ಲಿಸಿ. ನಿಲ್ಲಿಸಿದ ಬಳಿಕ ಬರುವ ಮೌನಕ್ಕೆ ಗಾಬರಿಯಾಗಿ ಮತ್ತೆ ಮಾತು ತುಂಬಬೇಡಿ.

ಹೇಳಿದರೂ ಕೇಳದಿದ್ದರೆ? ಆಸ್ಪತ್ರೆಗಳ ತರಬೇತಿಯಲ್ಲಿ ಮೂರು ಮೆಟ್ಟಿಲು ಕಲಿಸುತ್ತಾರೆ. ಮೊದಲು "ನನಗೆ ಆತಂಕವಾಗುತ್ತಿದೆ". ಬಳಿಕ "ಇದು ನನಗೆ ಸರಿ ಕಾಣುತ್ತಿಲ್ಲ". ಕೊನೆಗೆ "ಇದು ರೋಗಿಯ ಸುರಕ್ಷತೆಯ ಪ್ರಶ್ನೆ". ಎರಡು ಸಲ ಹೇಳಿದರೂ ಕಿವಿಗೊಡದಿದ್ದರೆ ಇನ್ನೂ ಮೇಲಿನವರಿಗೆ ತಿಳಿಸುವುದು ಕರ್ತವ್ಯ ಎಂದೂ ಹೇಳಿಕೊಡುತ್ತಾರೆ.

ಮೂರು ಸಲ ಹೇಳಿದರೂ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಇಂದಿಗೂ ಆರದ ಒಂದು ನೋವನ್ನು ನೆನೆಯದೆ ಮುಂದೆ ಹೋಗಲಾಗದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಮರಿಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಮರಣ ಹೊಂದಿದರು, ಬದುಕಿದವರು 8 ಮಂದಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಕುಟುಂಬಗಳು ಅಂದು ತಮ್ಮವರನ್ನು ಕಳೆದುಕೊಂಡವು.

ತನಿಖಾ ವರದಿ ಓದಿದರೆ ಎದೆ ಭಾರವಾಗುತ್ತದೆ. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಯಂತ್ರಗಳೂ ಎಚ್ಚರಿಕೆ ಕೂಗುತ್ತಲೇ ಇದ್ದವು. ಕ್ಯಾಪ್ಟನ್ ವಿಮಾನ ಇಳಿಸುವುದನ್ನು ನಿಲ್ಲಿಸಲಿಲ್ಲ. ಕ್ಯಾಪ್ಟನ್ ಪ್ರಯಾಣದ ನಡುವೆ ದೀರ್ಘಕಾಲ ನಿದ್ರೆಯಲ್ಲಿದ್ದುದು ಅವರ ನಿರ್ಧಾರವನ್ನು ಮಬ್ಬಾಗಿಸಿರಬಹುದು ಎಂದು ವರದಿ ಹೇಳಿತು. ಇನ್ನೊಂದು ಮಾತನ್ನೂ ಅದು ದಾಖಲಿಸಿತು. ಇಂಥ ಹೊತ್ತಿನಲ್ಲಿ ಸಹಪೈಲಟ್ ತಾನೇ ವಿಮಾನವನ್ನು ಮೇಲೇರಿಸಬಹುದೇ ಎಂಬ ಬಗ್ಗೆ ಸೂಚನೆಗಳು ಸ್ಪಷ್ಟವಾಗಿರಲಿಲ್ಲ. ಬಹುಶಃ ಅದರಿಂದಾಗಿ ಅವರು ಮತ್ತೆ ಮತ್ತೆ ಹೇಳಿದರೂ ನಿಯಂತ್ರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಇಲ್ಲಿ ಹೇಳಬೇಕಾದವರು ಹೇಳಿದ್ದರು. ಕೇಳಬೇಕಾದ ಕಿವಿ ಮತ್ತು ಬೆನ್ನಿಗೆ ನಿಲ್ಲಬೇಕಾದ ನಿಯಮ ಎರಡೂ ಸರಿಯಿರಲಿಲ್ಲ. ಆದ್ದರಿಂದ ಮಾತು ಕಲಿಯಿರಿ ಎಂದು ಕಿರಿಯರಿಗೆ ಮಾತ್ರ ಉಪದೇಶ ಮಾಡಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ನಿಮ್ಮ ಕೈಕೆಳಗೆ ನಾಲ್ಕು ಮಂದಿ ದುಡಿಯುತ್ತಿದ್ದರೆ, ನೀವು ಮುಖ್ಯೋಪಾಧ್ಯಾಯಿನಿಯೋ ಹಿರಿಯ ಸಿಸ್ಟರೋ ಆಗಿದ್ದರೆ, ಈ ಪಾಠದ ಉಳಿದರ್ಧ ನಿಮಗೆ ಸೇರಿದ್ದು. ನಿಮ್ಮ ಮಾತಿಗೆ ಎದುರಾಗಿ ಒಬ್ಬಳು ಎಚ್ಚರಿಕೆ ಹೇಳಿದಾಗ ನಿಮ್ಮ ಮುಖ ಹೇಗಾಯಿತು ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಎರಡನೆಯವಳು ಬಾಯಿ ತೆರೆಯುವಳೋ ಇಲ್ಲವೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ.

ಅಭ್ಯಾಸ ಎಲ್ಲಿ?

ಸ್ಪಷ್ಟ ಮಾತನ್ನು ಕಲಿಸುವ ಹಳೆಯ ಕೂಟಗಳಲ್ಲೊಂದು ಟೋಸ್ಟ್‌ಮಾಸ್ಟರ್ಸ್. 1924ರಲ್ಲಿ ಅಮೆರಿಕದ ಸಾಂಟಾ ಆನಾ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಆರಂಭಿಸಿದ ಈ ಕೂಟದ ಶಾಖೆಗಳು ಇಂದು ಬೆಂಗಳೂರು, ಮಂಗಳೂರುಗಳಲ್ಲೂ ಇವೆ. ಪದ್ಧತಿ ಸರಳ. ಒಬ್ಬರು ಐದಾರು ನಿಮಿಷ ತಯಾರಿ ಮಾಡಿಕೊಂಡು ಮಾತನಾಡುತ್ತಾರೆ. ಕೆಲವರು ಅಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತನಾಡುತ್ತಾರೆ. ಇನ್ನೊಬ್ಬರು "ಆ... ಊಂ..." ಎಷ್ಟು ಬಂತೆಂದು ಎಣಿಸುತ್ತಾರೆ. ಕೊನೆಗೆ ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಬೇಕು ಎಂದು ಮೃದುವಾಗಿ ಹೇಳುತ್ತಾರೆ.

ಮೊದಲು ಈ ಕೂಟ ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1973ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ, 1970ರಲ್ಲಿ, ಹೆಲೆನ್ ಬ್ಲಾಂಚರ್ಡ್ ಎಂಬ ಮಹಿಳೆ 'ಹೋಮರ್' ಎಂಬ ಗಂಡು ಹೆಸರಿನಲ್ಲಿ ನೋಂದಾಯಿಸಿಕೊಂಡು ಸೇರಿದ್ದರು. 1985ರಲ್ಲಿ ಅವರೇ ಆ ಸಂಸ್ಥೆಯ ಮೊದಲ ಮಹಿಳಾ ಅಂತಾರಾಷ್ಟ್ರೀಯ ಅಧ್ಯಕ್ಷೆಯಾದರು.

ಕೂಟಕ್ಕೆ ಹೋಗಲಾಗದವರು ಮನೆಯಲ್ಲೇ ತೊಡಗಬಹುದು. ದಿನಕ್ಕೆ ಒಂದು ವಿಷಯ ಆರಿಸಿ ಒಂದು ನಿಮಿಷ ಮಾತನಾಡಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿ. ಮೊದಲ ದಿನ ನಿಮ್ಮ ದನಿ ನಿಮಗೇ ಇಷ್ಟವಾಗದು. ಎಲ್ಲರಿಗೂ ಹಾಗೆಯೇ. ನಾಲ್ಕನೆಯ ದಿನ ದನಿಯ ಬದಲು ವಿಷಯದ ಕಡೆ ಕಿವಿ ಹೋಗುತ್ತದೆ. ನಾಳೆ ಮೇಲಧಿಕಾರಿಗೆ ಹೇಳಬೇಕಾದ ಮಾತನ್ನು ಇಂದು ರಾತ್ರಿ ತಂಗಿಯ ಎದುರು, ಗಂಡನ ಎದುರು ಒಮ್ಮೆ ಹೇಳಿ ನೋಡಿ. "ನಿನಗೆ ಏನು ಅರ್ಥವಾಯಿತು?" ಎಂದು ಕೇಳಿ. ಅವರ ಉತ್ತರವೇ ನಿಮ್ಮ ಪರೀಕ್ಷೆ.

ಇನ್ನು ತಾಯಂದಿರಿಗೆ ಒಂದು ಮಾತು. ಮಗಳು ಊಟದ ಹೊತ್ತಿನಲ್ಲಿ ಏನೋ ಹೇಳಲು ಹೊರಟು ಅರ್ಧದಲ್ಲಿ ತಡವರಿಸಿದರೆ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. "ದೊಡ್ಡವರ ನಡುವೆ ಮಾತನಾಡಬೇಡ" ಎಂದು ಗದರಬೇಡಿ. ಕೈತುತ್ತು ತಟ್ಟೆಯಲ್ಲಿಟ್ಟು, ಅವಳು ಮುಗಿಸುವವರೆಗೆ ಕಾಯಿರಿ. ಮುಂದೊಂದು ದಿನ ಆಕೆ ಯಾವುದೋ ವಾರ್ಡಿನಲ್ಲಿ, ಯಾವುದೋ ಕಚೇರಿಯಲ್ಲಿ "ಸರ್, ಇದು ಸರಿಯಿಲ್ಲ, ಈಗಲೇ ನಿಲ್ಲಿಸಬೇಕು" ಎಂದು ಹೇಳಬೇಕಾಗಿ ಬರಬಹುದು. ಅದಕ್ಕೆ ಬೇಕಾದ ಮೊದಲ ತರಬೇತಿ ನಿಮ್ಮ ಮನೆಯಲ್ಲೇ ಆಗಲಿ.